ಮೋಟು ತೋಳಿನ ಅಂಗಿ

ಚಿವೆರೆ ಹಳ್ಳಿ, ಬುಹೆರಾ
14 ಮೇ 1995

ಸೋಕೊ, ಕೋತಿ ಕುಲದ ಮಹಾರಾಜನೇ,

ನೀನು ಪೂರ್ತಿ ಮಂತ್ರಿಯಾದ ಸುದ್ದಿ ನನಗೆ ಒಣಮೀನಿನ ಪೊಟ್ಟಣದಿಂದ ತಿಳಿಯಿತು. ಅಂಗಡಿಯವನು ಸುತ್ತಿಕೊಟ್ಟ ಪತ್ರಿಕೆಯ ಹಾಳೆಯಲ್ಲಿ ನಿನ್ನ ಫೋಟೋ ಇತ್ತು. ಮೀನಿನ ಎಣ್ಣೆ ಹತ್ತಿ ಕೆನ್ನೆ ಇನ್ನಷ್ಟು ಹೊಳೆಯುತ್ತಿತ್ತು. ಅವ್ವನಿಗೆ ತೋರಿಸಿದೆ. ಕಣ್ಣಿನ ಹತ್ತಿರ ಹಿಡಿದು ನೋಡಿ, "ಅಯ್ಯೋ, ಇವನಿಗೆ ಕತ್ತೇ ಇಲ್ವಲ್ಲೇ! ಎಲ್ಲಿ ಹೋಯ್ತು?" ಅಂದಳು. "ಸರ್ಕಾರ ಕಿತ್ಕೊಂಡಿರ್ಬೇಕು ಅವ್ವಾ" ಅಂದೆ. ಇಬ್ಬರೂ ನಕ್ಕೂ ನಕ್ಕೂ ಮೀನು ಸೀದುಹೋಯಿತು.

ರಸ್ತೆ ಮಂತ್ರಿಯಂತೆ. ಉಪಮಂತ್ರಿಯಾಗಿದ್ದಾಗ ಊರಿಗೆ ಅರ್ಧ ರಸ್ತೆಯಾದರೂ ಹಾಕಿಸಬೇಕಿತ್ತು ನೀನು. ಬಸ್ಸು ಈಗಲೂ ಹಳ್ಳದ ಆಚೆಯೇ ನಿಲ್ಲುತ್ತದೆ. ಮಳೆಗಾಲದಲ್ಲಿ ನಾನು ಹೊಲಿಗೆ ಯಂತ್ರವನ್ನು ತಲೆಯ ಮೇಲಿಟ್ಟುಕೊಂಡು ಹಳ್ಳ ದಾಟುವಾಗ ನಿನ್ನ ಹೆಸರು ಹೇಳಿಕೊಂಡೇ ದಾಟುತ್ತೇನೆ. ಏನು ಹೇಳುತ್ತೇನೆ ಅನ್ನುವುದನ್ನು ಕಾಗದದಲ್ಲಿ ಬರೆಯಲಾರೆ.

ತಮಾಷೆ ಸಾಕು. ಇದು ಅವ್ವ ಹೇಳಿ ಬರೆಸುತ್ತಿರುವ ಕಾಗದ. ಮುಸೆಕಿವಾನನ್ನು ಮನೆಗೆ ಕರೆತರಬೇಕಂತೆ. ನನ್ನ ತಮ್ಮ ನಿನ್ನ ಹಿಂದೆ ಗಡಿ ದಾಟಿ ಹೋದಾಗ ಅವನಿಗೆ ಮೀಸೆ ಕೂಡ ಸರಿಯಾಗಿ ಬಂದಿರಲಿಲ್ಲ. ಯುದ್ಧ ಮುಗಿದು ನೀನು ಬಂದೆ, ಅವನು ಬರಲಿಲ್ಲ. ಊರಿನಲ್ಲಿ ಎಲ್ಲರೂ ತಮ್ಮ ತಮ್ಮ ಸತ್ತವರಿಗೆ ರಾಗಿ ಹೆಂಡ ಎರೆದು, ಹಾಡಿ, ಕುಣಿದು, ಅವರ ಆತ್ಮವನ್ನು ಹಿತ್ತಿಲಿಗೆ ಕರೆದುಕೊಂಡರು. ನಮ್ಮವನೊಬ್ಬ ಪರದೇಶದ ಕಾಡಿನಲ್ಲಿ ಅಲೆಯುತ್ತಿದ್ದಾನೆ ಅಂತ ಅವ್ವನ ಸಂಕಟ.

ಬೇರೆ ಯಾರಿಂದಲಾದರೂ ಮಾಡಿಸೋಣ ಅಂದರೆ ಅವ್ವ ಸಿಡಿಯುತ್ತಾಳೆ. "ಸಿಡುಬು ಬಂದಾಗ ನಿಮ್ ತಾತನ ಹೆಣ ಹೊರೋಕೆ ಅಣ್ಣತಮ್ಮಂದಿರೇ ಬರ್ಲಿಲ್ಲ. ಈ ಮಂತ್ರಿ ಗ್ವಿನ್ಯಾಯಿಯ ತಾತ ಬಂದು ಹೊತ್ತ. ಅವತ್ತಿಂದ ಆ ಮನೆ ನಮ್ಗೆ ಸಹ್ವೀರಾ, ನಾವು ಅವ್ರಿಗೆ ಸಹ್ವೀರಾ. ನಮ್ ಹೆಣ ಅವ್ರು ಎತ್ಬೇಕು, ಅವ್ರ ಹೆಣ ನಾವು ಎತ್ಬೇಕು. ಬೈಯೋದೂ ನಾವೇ, ನಗೋದೂ ನಾವೇ. ಇದ್ನ ಮುರಿಯೋಕೆ ಅವ್ನು ಯಾವ ಊರ ಮಂತ್ರಿ?" ನಿನ್ನ ಅಪ್ಪ ಸತ್ತಾಗ ನಾನು ಅವನ ಟೋಪಿ ಹಾಕಿಕೊಂಡು, ಅವನ ಹಾಗೆ ಕೆಮ್ಮುತ್ತಾ ಅಂಗಳದಲ್ಲಿ ನಡೆದದ್ದು ನೆನಪಿದೆ ತಾನೇ? ನಿನ್ನ ಅಮ್ಮ ಅಳುತ್ತಲೇ ನಕ್ಕುಬಿಟ್ಟಿದ್ದಳು.

ಮುಸೆಕಿವಾನಿಗೆ ಅದನ್ನು ಮಾಡಬೇಕಾದವನು ನೀನು. ಅವನ ಹಳದಿ ಅಂಗಿಯನ್ನು ಅವ್ವ ಇಟ್ಟುಕೊಂಡಿದ್ದಾಳೆ. ನಾನು ಹೊಲಿದ ಮೊದಲ ಅಂಗಿ, ಎಡತೋಳು ಮೋಟು. ಅದನ್ನು ತೊಟ್ಟು, ಅವನ ಹಾಗೆ ನಡೆದು, ಅವನು ಹೇಗೆ ಸತ್ತ ಅಂತ ಎಲ್ಲರೆದುರು ಆಡಿ ತೋರಿಸು. ಸಹ್ವೀರಾ ಆ ಹೊತ್ತಿನಲ್ಲಿ ಸುಳ್ಳಾಡಿದರೆ ಸತ್ತವರು ಮನೆಯ ದಾರಿ ತಪ್ಪುತ್ತಾರೆ ಅನ್ನುವುದನ್ನು ನಿನಗೆ ನಾನು ಹೇಳಿಕೊಡಬೇಕಿಲ್ಲ.

ಈ ಸಲ ರಾಗಿ ಚೆನ್ನಾಗಿ ಬಂದಿದೆ. ಆಗಸ್ಟಿನಲ್ಲಿ ಬಾ.

ನಿನ್ನನ್ನು ಬೈಯಲೆಂದೇ ಹುಟ್ಟಿದ
ಸೆಕೆಸಾಯಿ


ಹರಾರೆ
9 ಜೂನ್ 1995

ಪ್ರೀತಿಯ ಮಾಮೊಯೊ, ಹೃದಯ ಕುಲದ ಮಗಳೇ,

ನಿನ್ನ ಕಾಗದ ಓದಿ ಕಚೇರಿಯಲ್ಲಿ ಒಬ್ಬನೇ ಗಟ್ಟಿಯಾಗಿ ನಕ್ಕೆ. ಕಾರ್ಯದರ್ಶಿ ಬಾಗಿಲು ತೆಗೆದು ನೋಡಿ, ಗಾಬರಿಯಾಗಿ ಮುಚ್ಚಿದಳು. ಇಲ್ಲಿ ನನ್ನನ್ನು ಎದುರಿಗೆ ಬೈಯುವವರು ಯಾರೂ ಇಲ್ಲ. ಪತ್ರಿಕೆಯಲ್ಲಿ ಬೈಯುತ್ತಾರೆ, ಅದರಲ್ಲಿ ಉಪ್ಪೂ ಇಲ್ಲ ಖಾರವೂ ಇಲ್ಲ. ಬೆಳಿಗ್ಗೆ ಎದ್ದರೆ ಸಭೆ. ಗುತ್ತಿಗೆದಾರರು ನಾನು ಕೂತ ಮೇಲೆ ಕೂರುತ್ತಾರೆ, ನಾನು ಚಹಾ ಕುಡಿದರೆ ಅವರೂ ಕುಡಿಯುತ್ತಾರೆ. ಮಿಷನ್ ಶಾಲೆಯಲ್ಲಿ ಹುಳ ಬಿದ್ದ ಹುರುಳಿಗಾಗಿ ಮುಷ್ಕರ ಮಾಡಿಸಿ ಹೊರಗೆ ಹಾಕಿಸಿಕೊಂಡ ಆ ಹುಡುಗ ಇವನೇನಾ ಅಂತ ನನಗೇ ಒಮ್ಮೊಮ್ಮೆ ಅನುಮಾನ ಬರುತ್ತದೆ.

ಮುಸೆಕಿವಾನ ವಿಷಯ. ನಾನು ಮರೆತಿಲ್ಲ. ಸ್ವಾತಂತ್ರ್ಯ ಬಂದು ಊರಿಗೆ ಬಂದ ದಿನವೇ ಅವ್ವನಿಗೆ ಹೇಳಿದ್ದೆ: ಶತ್ರುಗಳ ವಿಮಾನ ಬಾಂಬು ಹಾಕಿದಾಗ ಶಿಬಿರದಲ್ಲಿ ಸತ್ತ. ಅದಕ್ಕಿಂತ ಹೆಚ್ಚು ಹೇಳಲು ಏನೂ ಇಲ್ಲ. ಅಲ್ಲಿನ ಬದುಕು ನಿಮಗೆ ಗೊತ್ತಾಗುವಂಥದಲ್ಲ. ಯಾರಿಗೂ ಯಾರ ನಿಜವಾದ ಹೆಸರೂ ಗೊತ್ತಿರಬಾರದು. ಸಿಕ್ಕಿಬಿದ್ದವನು ಹೊಡೆತ ತಾಳದೆ ಬಾಯಿಬಿಟ್ಟರೆ ಇನ್ನೊಬ್ಬನ ಊರು ಸುಟ್ಟುಹೋಗುತ್ತಿತ್ತು. ನಾನು ಕಾಮ್ರೇಡ್ ಹೊಂಡೊ, ಅವನು ಕಾಮ್ರೇಡ್ ಎನ್‌ಗೋಮಾ. ಒಂದೇ ಹಳ್ಳಿಯವರು ಅಂತಲೂ ತೋರಿಸಿಕೊಳ್ಳುವ ಹಾಗಿರಲಿಲ್ಲ.

ಶಾಲೆಯ ಎದುರು ಅವನ ಹೆಸರಿನ ಕಲ್ಲು ನಿಲ್ಲಿಸಲು ಏರ್ಪಾಡು ಮಾಡುತ್ತೇನೆ. ಆಗಸ್ಟಿನಲ್ಲಿ ಸಂಸತ್ತು ಇರುತ್ತದೆ. ಬರಲು ಖಂಡಿತ ಪ್ರಯತ್ನಿಸುತ್ತೇನೆ. ನಾನು ಬರೆಯುವವರೆಗೆ ರಾಗಿ ನೆನೆಹಾಕಬೇಡಿ. ಅವ್ವನಿಗೆ ಒಂದು ಕಂಬಳಿ ಕಳಿಸಿದ್ದೇನೆ.

ನಿನ್ನ
ಗ್ವಿನ್ಯಾಯಿ


ಚಿವೆರೆ ಹಳ್ಳಿ
3 ಸೆಪ್ಟೆಂಬರ್ 1995

ಸೋಕೊ,

ಅವ್ವ ನಿನ್ನ ಮಾತು ಕೇಳುವವಳೇ? ನೀನು ಪ್ರಯತ್ನಿಸುತ್ತೇನೆ ಅಂದದ್ದನ್ನು ಅವಳು ಬರುತ್ತೇನೆ ಅಂತಲೇ ಕೇಳಿಸಿಕೊಂಡಳು. ರಾಗಿ ಮೂಟೆಯನ್ನು ಹಳ್ಳದಲ್ಲಿ ನೆನೆಸಿ, ಮೊಳಕೆ ಬರಿಸಿ, ಒಣಗಿಸಿ, ಮುಟ್ಟು ನಿಂತ ಅಜ್ಜಿಯರನ್ನೆಲ್ಲ ಕೂಡಿಸಿಕೊಂಡು ಹೆಂಡ ಹಾಕಿದಳು. ಅದು ಉಕ್ಕಿ ಬಂದ ದಿನ ಅಂಗಳ ಗುಡಿಸಿ, ಹಳದಿ ಅಂಗಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಹಳ್ಳದ ಕಡೆ ನೋಡುತ್ತಾ ಕೂತಳು. ಬಸ್ಸು ಬಂದು ಹೋಯಿತು. ಮಾರನೆಯ ದಿನದ ಬಸ್ಸೂ ಹೋಯಿತು. ಹೆಂಡ ಹುಳಿಯಾಯಿತು. ಸತ್ತವನಿಗೆ ಎಂದು ಹಾಕಿದ್ದನ್ನು ಸುಮ್ಮನೆ ಕುಡಿಯುವಂತಿಲ್ಲವಲ್ಲ, ಹೊಂಡಕ್ಕೆ ಸುರಿದೆವು. ಊರಿನ ಕುಡುಕರು ನಮ್ಮ ತಮ್ಮನಿಗಿಂತ ಆ ಹೆಂಡಕ್ಕೇ ಹೆಚ್ಚು ಅತ್ತರು.

ಅವ್ವ ಈಗ ಒಂದು ಪ್ರಶ್ನೆ ಹಿಡಿದುಕೊಂಡಿದ್ದಾಳೆ. "ವಿಮಾನ ಬಂದು ಬಾಂಬು ಹಾಕ್ತು ಅಂತಾನೆ. ಸರಿ. ನನ್ ಮಗ ಆಗ ಓಡ್ತಿದ್ನಾ, ಕೂತಿದ್ನಾ? ಊಟ ಆಗಿತ್ತಾ? ಇವ್ನು ಎಲ್ಲಿದ್ದ? ಅಲ್ಲೇ ಇದ್ದೋನು ಇಷ್ಟೂ ನೋಡಿಲ್ವಾ?" ಉತ್ತರ ನಿನ್ನ ಹತ್ತಿರ ಇದೆ ಅಂತ ನನಗೆ ಅನ್ನಿಸುತ್ತದೆ. ನೀನು ಚಿಕ್ಕಂದಿನಿಂದಲೂ ಹಾಗೆಯೇ, ಹೇಳಬಾರದ್ದು ಇದ್ದರೆ ಕಂಬಳಿ ಕೊಡುತ್ತೀ. ನಮ್ಮ ಆಡು ಕಳೆದುಹಾಕಿದಾಗ ನಿನ್ನ ಕಂಬಳಿ ತಂದು ನನಗೆ ಕೊಟ್ಟಿದ್ದೆ.

ಕಲ್ಲು ಬೇಡವಂತೆ. ಕಲ್ಲಿಗೆ ಅಂಗಿ ತೊಡಿಸಲಾಗುವುದಿಲ್ಲ ಅನ್ನುತ್ತಾಳೆ.

ಅಕ್ಟೋಬರ್ ಒಳಗೆ ಬಾ. ನವೆಂಬರ್ ನಮಗೆ ನಿಷಿದ್ಧ ತಿಂಗಳು, ಯಾವ ಕಾರ್ಯವೂ ಮಾಡುವಂತಿಲ್ಲ, ಆಮೇಲೆ ಮಳೆ.

ಸೆಕೆಸಾಯಿ


ಮಂತ್ರಿಗಳ ಕಚೇರಿ, ಹರಾರೆ
26 ಫೆಬ್ರವರಿ 1996

ಮಾಮೊಯೊ,

ಮಾರ್ಚ್ ಮಧ್ಯದಲ್ಲಿ ಚುನಾವಣೆಯ ಪ್ರಚಾರಕ್ಕಾಗಿ ನಿಮ್ಮ ಭಾಗಕ್ಕೆ ಬರುತ್ತಿದ್ದೇನೆ. ಶಾಲೆಯ ಮೈದಾನದಲ್ಲಿ ಸಭೆ. ಹಳ್ಳದ ಸೇತುವೆಗೆ ಶಂಕುಸ್ಥಾಪನೆಯೂ ಅಂದೇ. ಸಮಯ ಸಿಕ್ಕರೆ ಅವ್ವನನ್ನು ನೋಡುತ್ತೇನೆ.

ಗ್ವಿನ್ಯಾಯಿ ಮುರೊಂದಾ
ರಸ್ತೆ ಮತ್ತು ಸೇತುವೆಗಳ ಮಂತ್ರಿ


ಚಿವೆರೆ ಹಳ್ಳಿ
24 ಮಾರ್ಚ್ 1996

ಗ್ವಿನ್ಯಾಯಿ,

ಅಂಗಿ ವಾಪಸ್ಸು ಕಳಿಸು.

ನೀನು ಬೇಕೆಂದೇ ಒಯ್ದೆಯೋ, ನಿನ್ನ ಸಹಾಯಕ ಕಾಣಿಕೆ ಅಂದುಕೊಂಡು ಕೋಳಿ, ಚಾಪೆಗಳ ಜೊತೆ ಕಾರಿಗೆ ತುಂಬಿದನೋ ಗೊತ್ತಿಲ್ಲ. ನೀನು ಮೈಕಿನಲ್ಲಿ "ಈ ಊರಿನ ವೀರ ಪುತ್ರ ಶತ್ರುಗಳ ಬೆಂಕಿಗೆ ಎದೆಯೊಡ್ಡಿದ" ಅಂದಾಗ ಅವ್ವ ಎದ್ದುಬಿಟ್ಟಳು. ಎರಡು ವರ್ಷದಿಂದ ಕೋಲಿಲ್ಲದೆ ನಡೆಯದವಳು ಕೋಲು ಅಲ್ಲೇ ಬಿಟ್ಟು ವೇದಿಕೆಯವರೆಗೂ ನಡೆದಳು. ಕಾವಲಿನವನು ತಡೆದ. ನೀನೇ ಬಿಡು ಅಂದೆ, ಅಷ್ಟು ಮಾಡಿದೆ. ಅವಳು ಅಂಗಿಯನ್ನು ನಿನ್ನ ಕೈಗೆ ಕೊಟ್ಟು, "ಅಲ್ಲಿ ನಿಂತು ಮಾತಾಡ್ಬೇಡ ಮಗಾ. ಇದ್ನ ಹಾಕ್ಕೊಂಡು ಮಾತಾಡು" ಅಂದಳು.

ನೀನು ಅಂಗಿ ಹಿಡಿದುಕೊಂಡು ನಿಂತೆ. ಮೋಟು ತೋಳನ್ನು ಹೆಬ್ಬೆರಳಿನಲ್ಲಿ ಸವರಿದೆ. ಈಗ ತೊಡುತ್ತಾನೆ ಅಂತ ನಾನು ಅಂದುಕೊಂಡೆ. ನಿನ್ನ ಪಕ್ಕದಲ್ಲಿ ಕೂತಿದ್ದ ಇನ್ನೊಬ್ಬ ಮಂತ್ರಿ, ಆ ಕಪ್ಪು ಕನ್ನಡಕದವನು, ಕೆಮ್ಮಿದ. ನೀನು ಅವನ ಕಡೆ ನೋಡಿ, ಅಂಗಿಯನ್ನು ಹಿಂದೆ ನಿಂತಿದ್ದ ಸಹಾಯಕನ ಕೈಗೆ ಕೊಟ್ಟು, "ಇನ್ನೊಂದು ದಿನ, ಅವ್ವ" ಅಂದೆ.

ಅವಳಿಗೆ ಇನ್ನೊಂದು ದಿನ ಎಷ್ಟಿವೆ ಅಂತ ತಿಳಿದಿದ್ದೀ? ನೀವು ಹೋದ ಮೇಲೆ ಅಂಗಿ ಎಲ್ಲಿ ಅಂತ ವೇದಿಕೆಯ ಕೆಳಗೆಲ್ಲ ತಡಕಾಡಿದಳು. ಈಗ ಏಳುವುದಿಲ್ಲ. ಸಾದ್ಜಾ ಮುದ್ದೆಯನ್ನು ಕೈಯಲ್ಲಿ ಹಿಡಿದುಕೊಂಡೇ ಮರೆತುಬಿಡುತ್ತಾಳೆ.

ಅಂಗಿ ಕಳಿಸು. ನಿನ್ನಿಂದ ಬೇರೇನೂ ಕೇಳುವುದಿಲ್ಲ.

ಸೆಕೆಸಾಯಿ


ಚಿವೆರೆ ಹಳ್ಳಿ
11 ಜುಲೈ 1996

ಗ್ವಿನ್ಯಾಯಿ,

ಅವ್ವ ಇವತ್ತು ಬೆಳಿಗ್ಗೆ ಹೋದಳು. ಈ ಚೀಟಿಯನ್ನು ಬಸ್ಸಿನ ಡ್ರೈವರ್ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದೇನೆ. ನೀನು ಬಂದು ಮೊದಲ ಗುದ್ದಲಿ ಹಾಕುವವರೆಗೆ ಗುಂಡಿ ತೋಡುವುದಿಲ್ಲ. ಬಾ.

ಸೆಕೆಸಾಯಿ


ಚಿವೆರೆ ಹಳ್ಳಿ
2 ಆಗಸ್ಟ್ 1996

ಮಾನ್ಯ ಮಂತ್ರಿಗಳಾದ ಶ್ರೀ ಗ್ವಿನ್ಯಾಯಿ ಮುರೊಂದಾ ಅವರಿಗೆ,

ತಾವು ಕಳಿಸಿದ ಹಿತ್ತಾಳೆ ಹಿಡಿಕೆಯ ಶವಪೆಟ್ಟಿಗೆ ತಲುಪಿತು. ತಮ್ಮ ಹೆಸರು ಬರೆದ ಹೂವಿನ ಚಕ್ರವೂ ತಲುಪಿತು. ಅದನ್ನು ತಂದ ಅಧಿಕಾರಿ ಬಹಳ ವಿನಯವಂತರು. ತಾವು ಸಂಪುಟದ ಸಭೆಯಲ್ಲಿ ಇದ್ದೀರೆಂದು ತಿಳಿಸಿದರು.

ಹೆಣ ಕಾಯಲಾರದೆ ಹೋಯಿತು. ಗುದ್ದಲಿಯನ್ನು ಪಕ್ಕದ ಊರಿನವರು ಯಾರೋ ಹಾಕಿದರು. ನಮ್ಮ ತಾಯಿಯವರ ಬಟ್ಟೆ ತೊಟ್ಟು ನಗಿಸುವವರು ಯಾರೂ ಇರಲಿಲ್ಲ. ಎಲ್ಲರೂ ಸುಮ್ಮನೆ ಅತ್ತು ಮನೆಗೆ ಹೋದರು. ನಮ್ಮ ಮನೆಯಲ್ಲಿ ಅಂಥ ಸಾವು ಇದೇ ಮೊದಲು.

ತಮ್ಮ ಅಮೂಲ್ಯ ಸಮಯವನ್ನು ಇನ್ನು ಮುಂದೆ ಹಾಳುಮಾಡುವುದಿಲ್ಲ.

ತಮ್ಮ ವಿಧೇಯ ಪ್ರಜೆ
ಸೆಕೆಸಾಯಿ


ಹರಾರೆ
20 ಜೂನ್ 1997

ಮಾಮೊಯೊ,

ಹನ್ನೊಂದು ತಿಂಗಳಿಂದ ನಿನ್ನ ಆ ಕಾಗದಕ್ಕೆ ಉತ್ತರ ಬರೆದು ಹರಿದುಹಾಕುತ್ತಿದ್ದೇನೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನೀನು ನನ್ನನ್ನು 'ತಾವು' ಅಂದುಬಿಟ್ಟೆ. ಇಡೀ ದೇಶ ನನ್ನನ್ನು ಹಾಗೆ ಕರೆಯುತ್ತದೆ. ನೀನೂ ಕರೆದ ಮೇಲೆ ಗ್ವಿನ್ಯಾಯಿ ಅನ್ನುವವನು ಎಲ್ಲಿಯೂ ಉಳಿದಿಲ್ಲ ಅನ್ನಿಸಿತು.

ಅಂಗಿ ನನ್ನ ಹತ್ತಿರವೇ ಇದೆ. ಅವತ್ತು ಅದನ್ನು ಕಾರಿನಲ್ಲಿ ಕಂಡಾಗ ನಾವು ಇನ್ನೂ ಹಳ್ಳವನ್ನೂ ದಾಟಿರಲಿಲ್ಲ. ಹಿಂದಿರುಗಬಹುದಿತ್ತು. ಕಾರು ನಿಲ್ಲಿಸು ಅನ್ನಲು ಬಾಯಿ ಬರಲಿಲ್ಲ. ನನ್ನ ಬಾಯಿಗೆ ಇದೊಂದು ಹಳೆಯ ಕಾಯಿಲೆ.

ಕಳೆದ ತಿಂಗಳು ಗಡಿಯಾಚೆ ಹೋಗಿ ಬಂದೆ. ಸರ್ಕಾರಿ ಕಾರಿನಲ್ಲಲ್ಲ. ಶಿಬಿರ ಇದ್ದ ಜಾಗದಲ್ಲಿ ಈಗ ಯಾರೋ ಮೆಕ್ಕೆಜೋಳ ಬೆಳೆಯುತ್ತಿದ್ದಾರೆ. ನದಿಯ ಪಕ್ಕದ ದೊಡ್ಡ ಅತ್ತಿಮರ ಹಾಗೆಯೇ ಇದೆ. ಅದರ ಬುಡದ ಮಣ್ಣನ್ನು ಕರವಸ್ತ್ರದಲ್ಲಿ ಕಟ್ಟಿ ತಂದಿದ್ದೇನೆ. ಅವನು ಅಲ್ಲಿದ್ದಾನೆ. ಹೂಳುವಾಗ ನಾನು ಅಲ್ಲೇ ಇದ್ದೆ.

ರಾಗಿ ನೆನೆಹಾಕು. ಅವ್ವನಿಗೆ ವರ್ಷವಾಗುತ್ತಿದೆ, ಇಬ್ಬರನ್ನೂ ಒಟ್ಟಿಗೆ ಕರೆತರೋಣ. ನಾನು ಬಸ್ಸಿನಲ್ಲಿ ಬರುತ್ತೇನೆ. ಹೋಗಬೇಡ ಅಂತ ಇಲ್ಲಿ ಒಬ್ಬರು ಮನೆಗೇ ಬಂದು ಹೇಳಿಹೋದರು. ವೇದಿಕೆಯ ಮೇಲೆ ಕೆಮ್ಮಿದನಲ್ಲ, ಅವನೇ. ಶಿಬಿರದಲ್ಲಿ ಕಾವಲಿನ ಮುಖ್ಯಸ್ಥನಾಗಿದ್ದವನು ಅವನು. ಈಗ ಸಂಪುಟದಲ್ಲಿ ಅವನದು ನನ್ನ ಪಕ್ಕದ ಕುರ್ಚಿ.

ಹೇಳಬೇಕಾದದ್ದನ್ನು ಬರೆಯಲಾರೆ. ಅಂಗಿ ತೊಟ್ಟು ಹೇಳುತ್ತೇನೆ.

ಗ್ವಿನ್ಯಾಯಿ


ಚಿವೆರೆ ಹಳ್ಳಿ
7 ಸೆಪ್ಟೆಂಬರ್ 1997

ಗ್ವಿನ್ಯಾಯಿ,

ಇಬ್ಬರನ್ನೂ ಕರೆತರುವ ಕಾರ್ಯದ ದಿನ ನೀನು ನೆಲಕ್ಕೆ ಹಣೆಹಚ್ಚಿದವನು ಎದ್ದು ಯಾರ ಮುಖವನ್ನೂ ನೋಡದೆ ಬಸ್ಸಿಗೆ ನಡೆದುಬಿಟ್ಟೆ. ಆದ್ದರಿಂದ ನಿನಗೆ ಕಾಣದೆಹೋದದ್ದನ್ನು ಬರೆಯುತ್ತಿದ್ದೇನೆ.

ನೀನು ಅವ್ವನ ಆಟ ಮೊದಲು ಆಡಿದೆ. ಅವಳ ಶಾಲು ಹೊದ್ದು, ಸೊಂಟ ಹಿಡಿದು, "ಇವನಿಗೆ ಕತ್ತೇ ಇಲ್ವಲ್ಲೇ!" ಅಂತ ನಿನ್ನನ್ನೇ ನೀನು ಬೈದುಕೊಂಡಾಗ ಅಜ್ಜಿಯರು ನೆಲಕ್ಕೆ ಬಿದ್ದು ನಕ್ಕರು. ನಾನೂ ನಕ್ಕೆ. ನಗಬಾರದು ಅಂತ ಹಟ ಹಿಡಿದು ಕೂತಿದ್ದೆ, ಆದರೂ ನಕ್ಕೆ.

ಆಮೇಲೆ ಹಳದಿ ಅಂಗಿ. ನಿನ್ನ ತೋಳು ಅದರಲ್ಲಿ ಹೋಗಲೇ ಇಲ್ಲ. ಕಂಕುಳ ಹೊಲಿಗೆ ಪರ್ರನೆ ಹರಿಯಿತು, ಜನ ಮತ್ತೂ ನಕ್ಕರು. ನೀನು ಮುಸೆಕಿವಾನ ಹಾಗೆ ಕಾಲು ಅಗಲಿಸಿ ನಡೆದೆ. ಅವನ ನಡಿಗೆಯನ್ನು ಇಷ್ಟು ವರ್ಷ ಎಲ್ಲಿ ಇಟ್ಟುಕೊಂಡಿದ್ದೆಯೋ! ಆಮೇಲೆ ಒಂದು ಕಲ್ಲಿನ ಮೇಲೆ ಹತ್ತಿ, ಹೊಟ್ಟೆ ಮುಂದೆ ಮಾಡಿ, ಬೆರಳೆತ್ತಿ ಭಾಷಣ ಶುರುಮಾಡಿದೆ: "ಕಾಮ್ರೇಡ್‌ಗಳೇ! ಶಿಸ್ತು! ಶಿಸ್ತು! ಏನೇ ಬಂದರೂ ಶಿಸ್ತು!" ಮುಸೆಕಿವಾ ಆಡುತ್ತಿರುವ ಗ್ವಿನ್ಯಾಯಿ ಅದು ಅಂತ ನಮಗೆಲ್ಲ ತಕ್ಷಣ ತಿಳಿಯಿತು. ಅವನು ಇಲ್ಲೂ ಹಾಗೇ ತಾನೇ, ನಿನ್ನನ್ನು ಆಡಿಕೊಳ್ಳದೆ ಅವನಿಗೆ ಅನ್ನ ಇಳಿಯುತ್ತಿರಲಿಲ್ಲ. ಸಹ್ವೀರಾ ಅಲ್ಲವೇ. ಜನ ಚಪ್ಪಾಳೆ ತಟ್ಟಿದರು.

ಆಗ ನೀನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೆ.

ಹಿಂದೆ ಯಾರೋ ಇನ್ನೂ ನಗುತ್ತಿದ್ದರು. ನೀನು ಮಂಡಿಯೂರಿ ತಲೆಯೆತ್ತಿ ನಿನ್ನೆದುರು ನಿಂತವನನ್ನು ನೋಡಿದೆ. ಅಲ್ಲಿ ಯಾರೂ ಇರಲಿಲ್ಲ. ಆದರೂ ಅಲ್ಲಿ ನಿಂತಿದ್ದವನು ನೀನೇ ಅಂತ ನನಗೆ ಗೊತ್ತಾಯಿತು. ಮುಸೆಕಿವಾನ ಮುಖದಲ್ಲಿ ನಿನ್ನನ್ನು ನೋಡಿ ಸ್ವಲ್ಪ ನಕ್ಕೆ, ಈಗ ಹೇಳಿಬಿಡು ಅನ್ನುವ ಹಾಗೆ. ಕಾದೆ. ಆಮೇಲೆ ಮುಂದಕ್ಕೆ ಬಿದ್ದೆ.

ಪಕ್ಷದ ತಾಲ್ಲೂಕು ಅಧ್ಯಕ್ಷ ಎದ್ದು ಸೈಕಲ್ ಹತ್ತಿ ಹೋದ. ಬೇರೆ ಯಾರೂ ಏಳಲಿಲ್ಲ. ಬುಡ್ಡೆಯಲ್ಲಿದ್ದ ಹೆಂಡವನ್ನು ನಾನೇ ನೀನು ಕರವಸ್ತ್ರದಲ್ಲಿ ತಂದ ಮಣ್ಣಿನ ಮೇಲೆ ಎರೆದೆ. ಹೆಂಗಸರು ಹಾಡಿದರು. ಅವ್ವನೂ ಮುಸೆಕಿವಾನೂ ಮನೆಗೆ ಬಂದರು. ಇದನ್ನು ನಾನು ನಂಬುತ್ತೇನೆ. ಮಾರನೆಯ ಬೆಳಿಗ್ಗೆ ಹಿತ್ತಿಲಿಗೆ ಹೋದಾಗ ನನಗೆ ಹೆದರಿಕೆ ಇರಲಿಲ್ಲ.

ಈಗ ನನ್ನ ಮಾತು. ಹುಡುಗ ತನ್ನ ಸಹ್ವೀರಾನನ್ನು ಆಡಿಕೊಂಡ. ಅದಕ್ಕೆ ಕೊಂದರೇ? ನೀನು ಎದುರಿಗೆ ನಿಂತು ನೋಡಿದೆಯಾ? ಅವ್ವ ಇದನ್ನು ತಿಳಿಯದೆ ಸತ್ತಳು ಅಂತ ಅಳಲೋ, ತಿಳಿಯದೆ ಸತ್ತಳಲ್ಲ ಅಂತ ಸಮಾಧಾನಪಡಲೋ ನನಗೆ ಗೊತ್ತಾಗುತ್ತಿಲ್ಲ. ನಿನ್ನ ಮೇಲೆ ನನಗೆ ಎಷ್ಟು ಸಿಟ್ಟಿದೆಯೆಂದರೆ ಸೂಜಿಗೆ ದಾರ ಪೋಣಿಸಲಾಗುತ್ತಿಲ್ಲ.

ಸೆಕೆಸಾಯಿ


ಹರಾರೆ
16 ನವೆಂಬರ್ 1997

ಮಾಮೊಯೊ,

ನೀನು ಕೇಳಿದ್ದಕ್ಕೆ ಉತ್ತರ.

ಶಿಬಿರದಲ್ಲಿ ಶತ್ರುಗಳ ಬೇಹುಗಾರರು ನುಗ್ಗಿದ್ದಾರೆ ಅಂತ ಎಲ್ಲರಿಗೂ ಭಯ ಹಿಡಿದಿದ್ದ ದಿನಗಳು. ನಾನು ಭಾಷಣ ಮಾಡಿ ಇಳಿದ ಮೇಲೆ ಎನ್‌ಗೋಮಾ ಎದ್ದು ನನ್ನನ್ನು ಆಡಿ ತೋರಿಸಿದ. ಊರಿನಲ್ಲಾಗಿದ್ದರೆ ನಾನೇ ಮೊದಲು ನಗುತ್ತಿದ್ದೆ. ಅಲ್ಲಿದ್ದವರು ನೂರು ಊರಿನವರು. ನಾಯಕರನ್ನು ಗೇಲಿ ಮಾಡಿ ಶಿಸ್ತು ಮುರಿಯುವುದು ಬೇಹುಗಾರನ ಕೆಲಸ ಅಂತ ಕಾವಲಿನ ಮುಖ್ಯಸ್ಥ, ವೇದಿಕೆಯ ಮೇಲೆ ಕೆಮ್ಮಿದವನೇ, ಹೇಳಿದ. ನನ್ನ ಕಡೆ ತಿರುಗಿ, "ಇವನು ನಿನಗೆ ಗೊತ್ತಾ?" ಅಂತ ಕೇಳಿದ.

ಇವನು ನನ್ನ ಸಹ್ವೀರಾ, ನಗುವುದು ಅವನ ಹಕ್ಕು, ಬಿಡಿ ಅವನನ್ನು. ಇಷ್ಟೇ ಹೇಳಬೇಕಿತ್ತು. ಹೇಳಿದ್ದರೆ ಒಂದೇ ಊರಿನವರು ಅಂತ ಗೊತ್ತಾಗುತ್ತಿತ್ತು, ನಿಯಮ ಮುರಿದಂತಾಗುತ್ತಿತ್ತು, ನನ್ನ ಮೇಲೂ ಅನುಮಾನ ಬರುತ್ತಿತ್ತು. ನಿಯಮಕ್ಕಾಗಿ ಸುಮ್ಮನಿದ್ದೆ ಅಂತ ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಹೆದರಿ ಸುಮ್ಮನಿದ್ದೆ ಮಾಮೊಯೊ. ಅವನು ಕೊನೆಯವರೆಗೂ ನಾನು ಹೇಳುತ್ತೇನೆ ಅಂದುಕೊಂಡಿದ್ದ.

ಮಂತ್ರಿ ಪದವಿ ಹೋಯಿತು. ರೇಡಿಯೋದಲ್ಲಿ ನೀನು ಕೇಳಿರಬೇಕು. ಪಕ್ಷದಿಂದಲೂ ತೆಗೆದರು. ಸತ್ತರೆ ಯುದ್ಧದ ನಾಯಕರನ್ನು ಹೂಳುವ ವೀರರ ಗುಡ್ಡದಲ್ಲಿ ನನಗೆ ಜಾಗವಿಲ್ಲ ಅಂತ ಈಗಲೇ ಹೇಳಿದ್ದಾರೆ. ನಾನು ಕೇಳಿರಲಿಲ್ಲ. ಕೇಳದೆ ಹೇಳಿದ್ದಾರೆ ಅಂದಮೇಲೆ ಡಾಕ್ಟರು ಅವರಿಗೂ ಏನೋ ಹೇಳಿರಬೇಕು. ಮೂತ್ರಪಿಂಡ ಎರಡೂ ಕೆಟ್ಟಿವೆ. ಹೆಂಡತಿ ತೀರಿಕೊಂಡದ್ದು ನಿನಗೆ ಗೊತ್ತು, ಮಕ್ಕಳಿಲ್ಲ. ಈ ದೊಡ್ಡ ಮನೆಯಲ್ಲಿ ಈಗ ಫೋನು ಕೂಡ ಹೊಡೆದುಕೊಳ್ಳುವುದಿಲ್ಲ.

ಕ್ಷಮಿಸು ಅಂತ ಬರೆಯುವುದಿಲ್ಲ. ಒಂದು ಕೇಳುತ್ತೇನೆ. ನನ್ನನ್ನು ಎತ್ತುವವರು ಯಾರು?

ಗ್ವಿನ್ಯಾಯಿ


ಚಿವೆರೆ ಹಳ್ಳಿ
5 ಡಿಸೆಂಬರ್ 1997

ಕೋತಿ ಕುಲದವನೇ,

ದಪ್ಪಗಿದ್ದೀ, ಸತ್ತ ಮೇಲೆ ಹರಾರೆಯಿಂದ ಹೊತ್ತು ತರುವುದು ನಮ್ಮಿಂದಾಗದು. ಇನ್ನೂ ಕಾಲಿರುವಾಗಲೇ ನಡೆದು ಬಾ. ಅವ್ವನ ಕೋಣೆ ಖಾಲಿಯಿದೆ, ಗುಡಿಸಿ ಸಗಣಿ ಸಾರಿಸಿದ್ದೇನೆ. ಹಳ್ಳದಲ್ಲಿ ನೀರು ಬಂದಿದೆ. ನಿನ್ನ ಸೇತುವೆಗೆ ನೀನು ಇಟ್ಟ ಆ ಒಂದು ಕಲ್ಲು ಇನ್ನೂ ಅಲ್ಲೇ ಇದೆ, ಅದರ ಮೇಲೆ ಕಾಲಿಟ್ಟು ದಾಟು. ಕೈ ನಾನು ಹಿಡಿಯುತ್ತೇನೆ.

ಸಿಟ್ಟು ಹೋಗಿಲ್ಲ. ಬಾ.

ಸೆಕೆಸಾಯಿ


ಚಿವೆರೆ ಹಳ್ಳಿ
1 ಮಾರ್ಚ್ 1998

ಸೋಕೊ,

ಮೊನ್ನೆ ನಿನ್ನನ್ನು ಮಣ್ಣು ಮಾಡಿದೆವು. ನೀನು ಚಾಪೆ ಸುತ್ತಿಕೊಂಡು ಮಲಗಿದ್ದೆ, ಏನನ್ನೂ ನೋಡಲಿಲ್ಲ. ಆದ್ದರಿಂದ ಹಿಂದಿನ ಸಲದ ಹಾಗೆ ಬರೆದು ತಿಳಿಸುತ್ತಿದ್ದೇನೆ. ಈ ಕಾಗದವನ್ನು ಯಾವ ಬಸ್ಸಿಗೆ ಕೊಡಲಿ ಅಂತ ಮಾತ್ರ ಗೊತ್ತಿಲ್ಲ.

ಸರ್ಕಾರದಿಂದ ಯಾರೂ ಬರಲಿಲ್ಲ. ಬಾವುಟ ಇಲ್ಲ, ತುತ್ತೂರಿ ಇಲ್ಲ. ಮಳೆ ಬಿಟ್ಟಿತ್ತು. ಮೊದಲ ಗುದ್ದಲಿ ನಾನೇ ಹಾಕಿದೆ. ಹೆಂಗಸು ಹಾಕಬಾರದು ಅಂತ ಒಬ್ಬ ಮುದುಕ ಗೊಣಗಿದ. "ನಮ್ಮನೇಲಿ ಗಂಡಸ್ರನ್ನ ಉಳಿಸಿದ್ದೀರಾ ನೀವು?" ಅಂದೆ. ಅವ್ವನ ಪಕ್ಕದಲ್ಲಿ ತೋಡಿದೆವು. ಅತ್ತಿಮರದ ಮಣ್ಣು ಅವಳ ಇನ್ನೊಂದು ಪಕ್ಕದಲ್ಲಿದೆ.

ಆಮೇಲೆ ನಿನ್ನ ಮಂತ್ರಿ ಕೋಟು ತೊಟ್ಟುಕೊಂಡೆ. ನನ್ನ ಮೊಣಕಾಲಿನವರೆಗೂ ಬಂತು. ಹೊಟ್ಟೆಗೆ ದಿಂಬು ಕಟ್ಟಿಕೊಂಡು, ಕನ್ನಡಕ ಒರೆಸಿ ಒರೆಸಿ ಹಾಕಿಕೊಳ್ಳುತ್ತಾ, "ಪ್ರಯತ್ನಿಸುತ್ತೇನೆ, ಖಂಡಿತ ಪ್ರಯತ್ನಿಸುತ್ತೇನೆ" ಅಂತ ಎಲ್ಲರಿಗೂ ಒಂದೊಂದು ಸೇತುವೆ ಕೊಟ್ಟೆ. ಹೊಟ್ಟೆ ಹಿಡಿದುಕೊಂಡು ನಕ್ಕರು. ಕೊನೆಯ ವಾರಗಳಲ್ಲಿ ನೀನು ಬಿಸಿಲಿಗೆ ಕೂತು ನನ್ನ ಗ್ರಾಹಕರ ಗುಂಡಿ ಹೊಲಿದುಕೊಡುತ್ತಿದ್ದದ್ದು, ಬೆರಳಿಗೆ ಚುಚ್ಚಿಕೊಂಡು ನನ್ನನ್ನೇ ಬೈಯುತ್ತಿದ್ದದ್ದು, ಎಲ್ಲ ಆಡಿದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಎಲ್ಲರೂ ಅಲ್ಲಿಗೇ ಮುಗಿಯಿತು ಅಂದುಕೊಂಡಿದ್ದರು.

ನಾನು ದಿಂಬು ಬಿಚ್ಚಿ ಕೆಳಗಿಟ್ಟೆ. ಕೋಟಿನ ಗುಂಡಿ ಹಾಕಿ, ಬೆನ್ನು ನೆಟ್ಟಗೆ ಮಾಡಿ ನಿಂತೆ, ನೀನು ಪ್ರಾಯದಲ್ಲಿ ನಿಲ್ಲುತ್ತಿದ್ದ ಹಾಗೆ. ನನ್ನ ಕಾಲ ಬಳಿ ಹಳದಿ ಅಂಗಿಯನ್ನು ನೆಲದ ಮೇಲೆ ಹಾಸಿದ್ದೆ. ಹರಿದ ಕಂಕುಳನ್ನು ನಾನು ಹೊಲಿದಿರಲಿಲ್ಲ. ಜನರ ನಗು ಒಬ್ಬೊಬ್ಬರದಾಗಿ ನಿಂತಿತು. ನಾನು ಆ ಅಂಗಿಯನ್ನು ನೋಡಿದೆ. ಆಮೇಲೆ ತಲೆಯೆತ್ತಿ, ಹಳ್ಳದಾಚೆಗೂ ಕೇಳುವ ಹಾಗೆ, ನಿನ್ನ ದನಿಯಲ್ಲಿ ಕೂಗಿದೆ:

"ಇವ್ನು ನನ್ ಸಹ್ವೀರಾ! ನಗೋದು ಅವ್ನ ಹಕ್ಕು! ಬಿಡ್ರೋ ಅವ್ನನ್ನ!"

ಬಗ್ಗಿ ಅಂಗಿಯನ್ನು ಎತ್ತಿಕೊಂಡೆ. ಎದೆಗೆ ಅವಚಿಕೊಂಡು ಅತ್ತೆ. ಅವನಿಗೂ ಅತ್ತೆ, ನಿನಗೂ ಅತ್ತೆ. ಯಾರಿಗೆ ಎಷ್ಟು ಅಂತ ನನಗೆ ತಿಳಿಯಲಿಲ್ಲ. ಸಿಟ್ಟು ಎಲ್ಲಿ ಹೋಯಿತೋ ಅದೂ ತಿಳಿಯಲಿಲ್ಲ.

ನೀನು ಹೇಳದೆ ಹೋದ ಮಾತನ್ನು ಹೇಳಿದೆ ಅಂತ ಆಡಿಬಿಟ್ಟೆ. ಸತ್ತವರ ಮುಂದೆ ನಾನು ಆಡಿದ ಮೊದಲ ಸುಳ್ಳು ಅದು. ಅದರಿಂದಾಗಿ ನಿನಗೆ ದಾರಿ ತಪ್ಪಿದರೆ ಹೆದರಬೇಡ. ಅಲ್ಲೇ ನಿಂತು ಮುಸೆಕಿವಾನನ್ನು ಕೂಗು. ಅವನಿಗೆ ಈಗ ಮನೆ ಗೊತ್ತು, ನೀನೇ ಕರೆತಂದೆಯಲ್ಲ.

ನಿನ್ನ ಸಹ್ವೀರಾ
ಸೆಕೆಸಾಯಿ